ಈನಜ್ಜಿಯ ಮಹಡಿ

ಮಧುಗಿರಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಭಾಗಕ್ಕೆ ಮನೆಯೊಡತಿಯ ಮಗಳು ಬಾಣಂತನಕ್ಕೆಂದು ಬಂದಿದ್ದಾಳೆ. ಬೆಳಿಗ್ಗೆ ಕೂಸಿಗೆ ಎಣ್ಣೆ ತಿಕ್ಕಿ, ನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದಾದ ಮೇಲೆ ಮನೆಯೊಡತಿ ಸಾಣೆಕಲ್ಲು ಮುಂದಿಟ್ಟುಕೊಂಡು ಬಜೆ, ಅಳಲೆಕಾಯಿ, ಜಾಯಿಕಾಯಿಗಳನ್ನು ಒಂದೊಂದೇ ಸುತ್ತು ತೇಯುತ್ತಾರೆ. ಬಜೆಯ ಘಾಟು ಅಲ್ಲೇ ಅಂಗಳದಲ್ಲಿ ಉಳಿದುಬಿಡುತ್ತದೆ. ಜಾಯಿಕಾಯಿಯ ವಾಸನೆ ಮಾತ್ರ ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬರುತ್ತದೆ. ಲ್ಯಾಬಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತುಬಿಡುತ್ತೇನೆ. ಈ ಊರಿನವರಿಗೆ ಆ ವಾಸನೆ ಎಂದರೆ ಹಸುಗೂಸು, ತೊಟ್ಟಿಲು. ನನಗೆ ಅದು ಹಸಿರು ತಗಡಿನ ಮಾಡು, ಮರದ ಮೆಟ್ಟಿಲು, ಮೆಟ್ಟಿಲ ಕೆಳಗೆ ಕಾಲು ಚಾಚಿ ಕೂತ ಒಬ್ಬ ಮುದುಕಿ. ನನ್ನ ಬಾಲ್ಯದ ಮನೆ ಯಾವುದು ಎಂದು ಯಾರಾದರೂ ಕೇಳಿದರೆ ಪಾವಗಡದ್ದನ್ನೇ ಹೇಳುತ್ತೇನೆ, ಅದು ಸುಲಭ. ಆದರೆ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಸಮುದ್ರದಾಚೆ ಗ್ರೆನಡಾ ಎಂಬ ದ್ವೀಪದಲ್ಲಿದ್ದ ಆ ಮಹಡಿ.

ನನಗಾಗ ಹನ್ನೊಂದು ವರ್ಷ, ತಂಗಿ ನಂದಿನಿಗೆ ನಾಲ್ಕು. ಅಮ್ಮ ಪಾವಗಡದ ಆಸ್ಪತ್ರೆಯಲ್ಲಿ ಗುತ್ತಿಗೆಯ ನರ್ಸ್ ಆಗಿದ್ದಳು. ಅಪ್ಪ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದ. ಸುಟ್ಟ ಮೋಟಾರಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದರಲ್ಲಿ ಅವನನ್ನು ಮೀರಿಸುವವರು ಸುತ್ತ ನಾಲ್ಕು ಊರಲ್ಲಿ ಇರಲಿಲ್ಲ. ಅಮ್ಮನ ಜೊತೆ ನರ್ಸಿಂಗ್ ಓದಿದ ಗೆಳತಿಯೊಬ್ಬಳು ಆ ದ್ವೀಪಕ್ಕೆ ಹೋಗಿ ಎರಡು ವರ್ಷವಾಗಿತ್ತು. ಅವಳು ಬರೆದು ಬರೆದು, ಅಮ್ಮ ಅರ್ಜಿ ಹಾಕಿ, ಒಂದು ದಿನ ಒಪ್ಪಿಗೆಯೂ ಬಂದುಬಿಟ್ಟಿತು. ಕುಟುಂಬವನ್ನೂ ಕರೆತರಬಹುದು ಎಂದಿತ್ತು. ಹೆಂಡತಿಯ ಕೆಲಸದ ಹಿಂದೆ ಗಂಡ ಹೋಗುವುದನ್ನು ನಮ್ಮ ಬೀದಿ ಅದುವರೆಗೆ ನೋಡಿರಲಿಲ್ಲ. ಅಪ್ಪ ಹತ್ತು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಹನ್ನೊಂದನೆಯ ದಿನ ತನ್ನ ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟ. ಬರುತ್ತೇನೆ ಎಂದು ಅವನು ಹೇಳಿದ್ದು ಅಷ್ಟೇ.

ಅಪ್ಪನ ತಾಯಿಯನ್ನು ನಾವೆಲ್ಲ ಅವ್ವ ಅನ್ನುತ್ತಿದ್ದೆವು. ಅವ್ವ ಕ್ಯಾತಗಾನಚೆರ್ಲಿನಲ್ಲಿ ಚಿಕ್ಕಪ್ಪನ ಜೊತೆ ಇದ್ದಳು. ಹೊರಡುವ ಮುಂಚೆ ನೋಡಲು ಹೋದಾಗ ನಾನು ಶಾಲೆಯಿಂದ ಕೇಳಿ ತಂದಿದ್ದ ಗ್ಲೋಬನ್ನು ಅವಳ ಮುಂದಿಟ್ಟು ಆ ಚುಕ್ಕೆಯನ್ನು ತೋರಿಸಿದೆ. ಅವ್ವ ಬೆರಳಿನ ತುದಿಯಿಂದ ಅದನ್ನು ಮುಟ್ಟಿದಳು. ಬೆರಳೇ ದ್ವೀಪಕ್ಕಿಂತ ದೊಡ್ಡದಾಗಿತ್ತು.

"ಇದ್ರ ಸುತ್ತ ನೀಲಿ ಬಳ್ದವ್ರಲ್ಲ, ಅದೇನಮ್ಮಿ?"

"ಸಮುದ್ರ ಅವ್ವ. ನಾಲ್ಕೂ ಕಡೆ ನೀರೇ."

"ನಾಲ್ಕೂ ಕಡೆಯಾ!" ಅವ್ವ ಅಪ್ಪನ ಮುಖ ನೋಡಿದಳು. "ಮತ್ತೆ ಅಲ್ಲಿ ನಿನ್ ಮೋಟ್ರು ಯಾವನಿಗ್ಬೇಕ್ಲಾ?"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವನ ಮನಸ್ಸಿನಲ್ಲಿದ್ದದ್ದನ್ನೇ ಅವ್ವ ಕೇಳಿದ್ದಳು.

ಬೆಂಗಳೂರಿನಿಂದ ಲಂಡನ್ನು, ಅಲ್ಲಿಂದ ದ್ವೀಪ. ವಿಮಾನದ ಬಾಗಿಲು ತೆರೆದಾಗ ಮುಖಕ್ಕೆ ಬಡಿದದ್ದು ಗಾಳಿಯಲ್ಲ, ಒದ್ದೆ ಬಟ್ಟೆ. ನಮ್ಮ ಕಡೆಯ ಬಿಸಿಲು ಒಣಗಿಸುವ ಬಿಸಿಲು, ಅಲ್ಲಿಯದು ಬೇಯಿಸುವ ಬಿಸಿಲು. ಅಮ್ಮನ ಗೆಳತಿ ಗೊತ್ತುಮಾಡಿದ್ದ ಮನೆ ದ್ವೀಪದ ಉತ್ತರಕ್ಕೆ, ಒಂದು ಗುಡ್ಡದ ಇಳಿಜಾರಿನಲ್ಲಿತ್ತು. ಕೆಳಗೆ ಒಡತಿ, ಮೇಲೆ ನಾವು. ಕಾರು ನಿಂತಾಗ ಹೂವಿನ ಚಿತ್ತಾರದ ಫ್ರಾಕು, ತಲೆಗೆ ಬಿಗಿದ ವಸ್ತ್ರ, ಕಾಲಿಗೆ ಗಂಡಸರ ರಬ್ಬರ್ ಬೂಟು ಹಾಕಿದ ಎತ್ತರದ ಮುದುಕಿ ಮೆಟ್ಟಿಲ ಮೇಲಿಂದ ಎದ್ದು ಬಂದು, ಅಮ್ಮನನ್ನಲ್ಲ, ನಂದಿನಿಯನ್ನು ನೋಡಿ, "ಬಂದೆಯಾ, ಡೂಡೂ" ಎಂದರು. ಅಲ್ಲಿಯವರು ಮುದ್ದಿನಿಂದ ಹಾಗೆ ಕರೆಯುತ್ತಾರಂತೆ. ನನಗೆ ಗೊತ್ತಿರಲಿಲ್ಲ, ಮಕ್ಕಳು ಮಾತು ಬಿಡುವಾಗ ಅನ್ನುವ 'ಟೂ' ಎಂದೇ ಕೇಳಿಸಿತು. ನೋಡಿದ ಕೂಡಲೇ ನಮ್ಮ ಮೇಲೆ 'ಟೂ' ಬಿಡುವ ಈ ಅಜ್ಜಿ ಎಂಥವಳಪ್ಪಾ ಎಂದು ಒಂದು ವಾರ ಸಿಟ್ಟಿನಲ್ಲಿದ್ದೆ. ಅವರ ಹೆಸರು ಮಿಸ್ ಈನಾ. ಮದುವೆಯಾದ ಹೆಂಗಸರನ್ನೂ ಅಲ್ಲಿ ಮಿಸ್ ಎಂದೇ ಕರೆಯುತ್ತಾರೆ. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಆಗಾಗ ಬಂದು ಹೋಗುವ ಒಬ್ಬ ತಂಗಿಯ ಮಗಳಿದ್ದಳು. ಮನೆಯ ಹಿಂದೆ ಏಳೆಂಟು ಜಾಯಿಕಾಯಿ ಮರಗಳಿದ್ದವು.

ನಂದಿನಿ ಮಾತು ನಿಲ್ಲಿಸಿದ್ದು ಯಾವ ಗಳಿಗೆಯಲ್ಲಿ ಎಂದು ನಮಗೆ ಯಾರಿಗೂ ನೆನಪಿಲ್ಲ. ವಿಮಾನದಲ್ಲಿ ಅವಳು ಬಾಯಿ ಮುಚ್ಚಿರಲಿಲ್ಲ, ಮೋಡವನ್ನು ತೋರಿಸಿ ತೋರಿಸಿ ಅಕ್ಕಪಕ್ಕದವರ ನಿದ್ದೆ ಕೆಡಿಸಿದ್ದಳು. ಮನೆಗೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಅನ್ನ ಕಲಸುತ್ತಿದ್ದ ಅಮ್ಮ ಫಕ್ಕನೆ ಕೈ ನಿಲ್ಲಿಸಿ, "ಇವಳು ಬಂದಾಗಿಂದ ಒಂದು ಮಾತೂ ಆಡಿಲ್ಲ ಅಲ್ವಾ?" ಎಂದಳು. ಹೌದಾಗಿತ್ತು. ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ಕರೆದರೆ ತಿರುಗಿ ನೋಡುತ್ತಿದ್ದಳು. ಆದರೆ ತುಟಿ ಬಿಚ್ಚುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಕಿವಿ, ಗಂಟಲು ಎಲ್ಲ ನೋಡಿ, ಏನೂ ಆಗಿಲ್ಲ, ಕಾಯಿರಿ ಎಂದರು. ಫೋನಿನಲ್ಲಿ ಅವ್ವ, ದೃಷ್ಟಿಯಾಗೈತೆ, ಮೆಣಸಿನಕಾಯಿ ನಿವಾಳಿಸಿ ಎಂದಳು. ಅಮ್ಮ ಎರಡನ್ನೂ ಮಾಡಿದಳು. ವಾರ ಕಳೆಯಿತು, ಮೂರು ವಾರ ಕಳೆಯಿತು. ಅಮ್ಮ ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲಿ ನಿಂತು "ಟಾಟಾ ಅನ್ನಮ್ಮಾ, ಒಂದ್ಸಲ ಅನ್ನಮ್ಮಾ" ಎಂದು ಬೇಡುವುದು, ನಂದಿನಿ ಸುಮ್ಮನೆ ಕೈ ಬೀಸುವುದು, ಅಮ್ಮ ಬೇರೆ ಕಡೆ ಮುಖ ಮಾಡಿಕೊಂಡು ಮೆಟ್ಟಿಲಿಳಿಯುವುದು. ಅಪ್ಪ ಒಮ್ಮೆ ಕೇಳಿಯೇಬಿಟ್ಟ. "ವಾಪಸ್ ಹೋಗ್ಬುಡಾಣೇನೇ ಗಿರಿಜಾ?" ಕರೆದುಕೊಂಡು ಬಂದವಳು ತಾನು ಎಂಬ ಭಾರ ಅಮ್ಮನ ಬೆನ್ನ ಮೇಲೆ ಕೂತಿದ್ದು ನನಗೂ ಕಾಣುತ್ತಿತ್ತು.

ಅಮ್ಮ ಆಸ್ಪತ್ರೆಗೆ, ನಾನು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅಪ್ಪ, ನಂದಿನಿ ಇಬ್ಬರೇ. ಕೈಯಲ್ಲಿ ಸದಾ ಗ್ರೀಸು ಹಚ್ಚಿಕೊಂಡಿರುತ್ತಿದ್ದವನು ಸೌಟು ಹಿಡಿದ. ಮೊದಲ ದಿನಗಳ ಅವನ ಸಾರು ಹೇಗಿರುತ್ತಿತ್ತೆಂದು ನಾನು ಬರೆಯುವುದಿಲ್ಲ, ಅವನಿಗೆ ಬೇಸರವಾದೀತು. ಆ ವಾಸನೆಗೇ ಇರಬೇಕು, ಮಿಸ್ ಈನಾ ಒಂದು ದಿನ ಮೇಲೆ ಬಂದು, ಒಲೆಯ ಮೇಲಿನ ಪಾತ್ರೆಗೆ ಇಣುಕಿ, ಅಪ್ಪನ ಕೈಯಿಂದ ಸೌಟು ಕಸಿದುಕೊಂಡರಂತೆ. ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಮೋಟಾರಿನದು. ಕಾಯಿಲ್, ಬೇರಿಂಗ್, ಬುಶ್, ಶಾರ್ಟ್. ಅವರ ಇಂಗ್ಲಿಷೋ, ನನಗೇ ಅರ್ಧ ಅರ್ಥವಾಗದ, ಕೊನೆಯನ್ನು ಎಳೆದು ಹಾಡುವಂಥ ದ್ವೀಪದ ಇಂಗ್ಲಿಷು. ಅಪ್ಪ ಕನ್ನಡದಲ್ಲೇ ಮಾತಾಡತೊಡಗಿದ, ಅವರು ತಮ್ಮದರಲ್ಲಿ. ನಾನು ಶಾಲೆಯಿಂದ ಬರುವಾಗ ದೂರದಿಂದಲೇ ಕೇಳುತ್ತಿತ್ತು. "ಉಪ್ಪು ಜಾಸ್ತಿ ಆಯ್ತು ಕಣಮ್ಮ, ನಂಗೊತ್ತು, ನೀನೇನ್ ಹೇಳ್ಬೇಡ." ಅದಕ್ಕೆ ಅವರದೊಂದು ಉದ್ದನೆಯ ಉತ್ತರ. ಇಬ್ಬರಿಗೂ ಸಮಾಧಾನವಾದಂತೆ ಕಾಣುತ್ತಿತ್ತು. ತಿಂಗಳೊಳಗೆ ಅಪ್ಪ ಅವರ ಕೆಟ್ಟು ಕೂತಿದ್ದ ನೀರಿನ ಪಂಪನ್ನು ಬಿಚ್ಚಿ ಓಡಿಸಿದ್ದ. ನಾಲ್ಕೂ ಕಡೆ ನೀರಿದ್ದರೂ ಗುಡ್ಡದ ಮೇಲಿನ ತೊಟ್ಟಿಗೆ ನೀರು ತಾನಾಗಿ ಹತ್ತುವುದಿಲ್ಲವಲ್ಲ. ಅವ್ವನಿಗೆ ಫೋನು ಮಾಡಿ ಅದನ್ನು ಹೇಳುವಾಗ ಅವನ ಗಂಟಲಲ್ಲಿ ಬಹಳ ದಿನಗಳ ಮೇಲೆ ಜೋರು ಬಂದಿತ್ತು.

ನನಗಾದರೆ ಎಲ್ಲವೂ ಕುತೂಹಲ. ಅರಿಶಿನವನ್ನು ಅಲ್ಲಿ ಕೇಸರಿ ಎಂದು ಕರೆಯುತ್ತಾರೆ. ನಮ್ಮ ಹಲಸಿನ ತಮ್ಮನಂತಿರುವ ಒಂದು ಕಾಯಿಯನ್ನು ಕೆಂಡದಲ್ಲಿ ಸುಟ್ಟು ರೊಟ್ಟಿಯ ಬದಲು ತಿನ್ನುತ್ತಾರೆ. ಮಳೆ ಬಂದರೆ ನಮ್ಮೂರಲ್ಲಿ ಎಲ್ಲರೂ ಹೊರಗೆ ಬಂದು ನೋಡುತ್ತಿದ್ದೆವು, ಅಲ್ಲಿ ಯಾರೂ ತಲೆಯೆತ್ತುವುದೂ ಇಲ್ಲ. ಶಾಲೆಯಲ್ಲಿ ಪಕ್ಕದ ಹುಡುಗಿ ಮೊದಲ ವಾರವೇ ನನ್ನ ಬಾಯಿಯನ್ನು ದಿಟ್ಟಿಸಿ, ನಿನ್ನ ಹಲ್ಲಿಗೆ ಏನು ಬಳಿದಿದ್ದೀಯಾ ಎಂದು ಕೇಳಿದಳು. ಪಾವಗಡದ ಬೋರ್‌ವೆಲ್ ನೀರು ಕುಡಿದು ಬೆಳೆದ ನಮಗೆಲ್ಲ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ಊರಲ್ಲಿ ಎಲ್ಲರ ಹಲ್ಲೂ ಹಾಗೇ ಇದ್ದದ್ದರಿಂದ ಹಲ್ಲಿನ ಬಣ್ಣವೇ ಅದು ಎಂದುಕೊಂಡಿದ್ದೆ. ಅಂದಿನಿಂದ ಕೈ ಅಡ್ಡ ಹಿಡಿದು ನಗತೊಡಗಿದೆ. ಮಿಸ್ ಈನಾ ಅದನ್ನು ಗಮನಿಸಿದರು. ತಮ್ಮ ಕಟ್ಟುಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟು ತೋರಿಸಿ, ಬೊಚ್ಚುಬಾಯಲ್ಲಿ ಜೋರಾಗಿ ನಕ್ಕರು. ನಾನೂ ನಕ್ಕೆ. ಕೈ ಅಡ್ಡ ಹಿಡಿಯುವುದು ಮರೆತುಹೋಗಿತ್ತು.

ಜಾಯಿಕಾಯಿಯನ್ನು ಕೊಯ್ಯುವುದಿಲ್ಲ. ಹಣ್ಣು ಮರದಲ್ಲೇ ಬಿರಿದು, ಕಾಯಿ ತಾನಾಗಿ ನೆಲಕ್ಕೆ ಬೀಳಬೇಕು. ಪ್ರತಿದಿನ ಬೆಳಿಗ್ಗೆ ಬಿದ್ದದ್ದನ್ನು ಆಯ್ದು ತಂದು, ಮೆಟ್ಟಿಲ ಕೆಳಗೆ ಕೂತು, ಕಾಯಿಗೆ ಬಲೆಯಂತೆ ಅಂಟಿಕೊಂಡಿರುವ ಕೆಂಪು ಜಾಪತ್ರೆಯನ್ನು ಹರಿಯದ ಹಾಗೆ ಬಿಡಿಸಬೇಕು. ಆ ಕೆಲಸಕ್ಕೆ ಸಣ್ಣ ಬೆರಳು ಬೇಕು. ಮಿಸ್ ಈನಾ ನಂದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವಳನ್ನು ಮಾತಾಡು ಎನ್ನದೆ ಇದ್ದವರು ಆ ಮನೆಯಲ್ಲಿ ಅವರೊಬ್ಬರೇ. ಇಬ್ಬರೂ ಗಂಟೆಗಟ್ಟಲೆ ಸುಮ್ಮನೆ ಕೂತು ಬಿಡಿಸುತ್ತಿದ್ದರು, ಇಬ್ಬರ ಕಾಲಬುಡದಲ್ಲಿ ಒಂದು ಕಂದು ನಾಯಿ ಮಲಗಿರುತ್ತಿತ್ತು.

ಒಂದು ಶನಿವಾರ ನಾನೂ ಅಲ್ಲಿದ್ದೆ. ನಾಯಿ ಎದ್ದು ಕೋಳಿಗಳ ಕಡೆ ಹೊರಟಿತು. ಮಿಸ್ ಈನಾ ಗದರಿದರು. "ಕುಕ! ಏ ಕುಕ!" ಮಹಡಿಯ ಕಿಟಕಿಯಿಂದ ಅಪ್ಪ ತಲೆ ಹೊರಗೆ ಹಾಕಿದ.

"ಏನಂದ್ರಮ್ಮಿ ಅವ್ರು?"

"ನಾಯಿ ಹೆಸರು ಅಪ್ಪ. ಕುಕ ಅಂತ."

"ಎಲಾ ಇದ್ರ! ನಾಯೀನ ನಾಯಿ ಅಂತ್ಲೇ ಕರೀತಾರಲ್ಲಮ್ಮಿ. ಕುಕ್ಕ! ನಮ್ ರಾಮಾಂಜಮ್ಮ ಕರೀತಿದ್ಲಲ್ಲ, ಅಂಗೇ." ರಾಮಾಂಜಮ್ಮ ಪಾವಗಡದಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯವಳು, ತೆಲುಗಿನವಳು. ನಂದಿನಿ ಅರ್ಧ ದಿನ ಅವಳ ಅಡುಗೆಮನೆಯಲ್ಲೇ ಬೆಳೆದಿದ್ದಳು. ಅಪ್ಪ ದಡದಡ ಇಳಿದು ಬಂದ. ಕೇಳು ಕೇಳು ಎಂದು ನನ್ನನ್ನು ತಿವಿದ. ನಾನು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಕೇಳಿದೆ, ಈ ಹೆಸರು ಎಲ್ಲಿಂದ ಬಂತು?

ನಮ್ಮ ಮನೆಯ ನಾಯಿಗೆಲ್ಲ ಅದೇ ಹೆಸರು, ಎಂದರು ಅವರು. ಅಜ್ಜಿಯ ಕಾಲದಿಂದ. ಅಜ್ಜಿ ಕೂಸಾಗಿದ್ದಾಗ ತಾಯಿಯ ಸೊಂಟದ ಮೇಲೆ ಕೂತು ಮದರಾಸಿನ ಕಡೆಯಿಂದ ಹಡಗಿನಲ್ಲಿ ಬಂದವಳಂತೆ. ಮೊದಲು ಟ್ರಿನಿಡಾಡಿನ ಕಬ್ಬಿನ ತೋಟಕ್ಕೆ, ಆಮೇಲೆ ದೋಣಿಯಲ್ಲಿ ಇಲ್ಲಿಗೆ. ಅವಳು ಏನು ಮಾತಾಡುತ್ತಿದ್ದಳೋ ಯಾರಿಗೂ ಗೊತ್ತಿಲ್ಲ. ನಾಯಿಯ ಹೆಸರೊಂದು ಉಳಿದಿದೆ. ಅಪ್ಪ ಹೇಳಿದ್ದನ್ನು ನಾನು ತಿಳಿಸಿದೆ. ಕುಕ್ಕ ಎಂದರೆ ತೆಲುಗಿನಲ್ಲಿ ನಾಯಿ, ಅದು ನಾಯಿಯ ಹೆಸರಲ್ಲ. ಮಿಸ್ ಈನಾ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕುವುದನ್ನು ಮರೆತರು. ಆಮೇಲೆ ಕೇಳಿದರು.

"ಹಾಗಾದರೆ 'ಪಾಪ' ಅಂದರೆ ಏನು? ಅಜ್ಜಿ ನನ್ನನ್ನು ಹಾಗೆ ಕರೆಯುತ್ತಿದ್ದಳು. ಹೆಣ್ಣು ಮಗುವನ್ನು ಹಿಡಿದು ಪಪ್ಪಾ, ಅಪ್ಪಾ ಅಂತಾಳೆ, ಮುದುಕಿಗೆ ಬುದ್ಧಿ ಕೆಟ್ಟಿದೆ ಎಂದು ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ."

ಅಪ್ಪನಿಗೆ ಅನುವಾದ ಬೇಕಾಗಲಿಲ್ಲ. ಎರಡೂ ಕೈ ಸೇರಿಸಿ ತೊಟ್ಟಿಲಿನಂತೆ ತೂಗಿ ತೋರಿಸಿದ. "ಪಾಪ ಅಂದ್ರೆ ಕೂಸು ಕಣಮ್ಮ. ಹೆಣ್ಗೂಸು."

ಎಪ್ಪತ್ತು ದಾಟಿದ ಆ ಹೆಂಗಸು ತಲೆಯ ವಸ್ತ್ರವನ್ನು ಬಿಚ್ಚಿ ಮುಖ ಒರೆಸಿಕೊಂಡರು. ಮತ್ತೆ ಕಟ್ಟಿಕೊಳ್ಳಲಿಲ್ಲ. ನಂದಿನಿ ಅವರನ್ನೇ ನೋಡುತ್ತಿದ್ದಳು.

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನದ ಊಟದ ಹೊತ್ತಿಗೆ, ಗುಡ್ಡದ ಮೇಲಿಂದ ಒಂದು ವ್ಯಾನು ಹಾರ್ನು ಹೊಡೆಯುತ್ತ ಇಳಿದು ಬರುತ್ತಿತ್ತು. ನಾಯಿ ರಸ್ತೆಯ ನಡುವೆ ಮೈ ಕೆರೆದುಕೊಳ್ಳುತ್ತ ನಿಂತಿತ್ತು. ಶಾಲೆಗೆ ರಜೆ ಇದ್ದುದರಿಂದ ನಾನು ಮಹಡಿಯಲ್ಲಿ ಅಪ್ಪನ ಜೊತೆ ಇದ್ದೆ. ಕೆಳಗಿನಿಂದ ಒಂದು ದನಿ ಬಂತು, ಏಳು ವಾರದಿಂದ ಕೇಳದ ದನಿ, ಸ್ವಲ್ಪ ಒರಟಾಗಿತ್ತು. "ಕುಕ್ಕಾ! ರಾ! ಇಟು ರಾ!" ಇತ್ತ ಬಾ ಎಂದು ತೆಲುಗಿನಲ್ಲಿ, ಥೇಟು ರಾಮಾಂಜಮ್ಮನ ರಾಗ. ನಾಯಿ ಹಾರಿ ಬೇಲಿಯೊಳಗೆ ಬಂತು, ವ್ಯಾನು ಹಾದುಹೋಯಿತು. ಅಪ್ಪ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದಿದ್ದೂ ತಿಳಿಯದೆ ಮೆಟ್ಟಿಲಿಗೆ ಓಡಿದ. ಮಿಸ್ ಈನಾ ಅವನತ್ತ ತಿರುಗದೆಯೇ ಕೈಯೆತ್ತಿ ತಡೆದರು. ಗದ್ದಲ ಮಾಡಬೇಡ ಎಂಬಂತೆ. ಜಾಪತ್ರೆ ಬಿಡಿಸುತ್ತಲೇ, ಏನೂ ಆಗಿಲ್ಲವೆನ್ನುವ ಹಾಗೆ ನಂದಿನಿಗೆ ಹಗ್ಗದತ್ತ ಕಣ್ಣು ತೋರಿಸಿ, ನಾಯಿಯನ್ನು ಕಟ್ಟಿಹಾಕು ಮತ್ತೆ, ಎಂದರು. ನಂದಿನಿ ಅಚ್ಚ ಕನ್ನಡದಲ್ಲಿ, "ಅವ್ನು ಕಟ್ಟಾಕಕ್ಕೆ ಬಿಡಲ್ಲ ಈನಜ್ಜಿ" ಎಂದಳು. ಆ ಹೆಸರನ್ನು ಅವಳು ಒಳಗೊಳಗೇ ಯಾವಾಗ ಇಟ್ಟುಕೊಂಡಿದ್ದಳೋ. ಅಂದಿನಿಂದ ನಮಗೆಲ್ಲ ಅವರು ಈನಜ್ಜಿ.

ಅಮ್ಮ ನಾಲ್ಕು ಗಂಟೆಗೆ ಬಂದಳು. ನಂದಿನಿ ಮೆಟ್ಟಿಲಿಳಿದು ಓಡಿ, ನಾಯಿ, ವ್ಯಾನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಮ್ಮ ಅವಳನ್ನು ಎತ್ತಿಕೊಂಡು ನಕ್ಕಳು, ಮುದ್ದಿಸಿದಳು, ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು. ಬಾಗಿಲ ಹೊರಗೆ ಟವೆಲು ಹಿಡಿದು ನಿಂತಿದ್ದ ನನಗೆ ನೀರಿನ ಸದ್ದಿನೊಳಗೆ ಇನ್ನೊಂದು ಸದ್ದು ಕೇಳಿಸಿತು. ಹೊರಗೆ ಬಂದವಳು ನನ್ನ ಮುಖ ನೋಡಿ, "ಏಳು ವಾರ ಕಾದೆ ಕಣೆ. ನಾನು ಮನೇಲಿಲ್ದಿರೋ ಹೊತ್ತಲ್ಲೇ ಬಾಯಿ ಬಿಡ್ಬೇಕಾಗಿತ್ತಾ?" ಎಂದಳು. ಆಮೇಲೆ ಅಮ್ಮ ಈನಜ್ಜಿಯ ಜೊತೆ ಎಂದೂ ಒರಟಾಗಿ ನಡೆದುಕೊಳ್ಳಲಿಲ್ಲ. ಅವರು ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಲಿಲ್ಲ. ಆದರೆ ಅವರ ಪಕ್ಕ ಕೂರುತ್ತಲೂ ಇರಲಿಲ್ಲ. ಮೆಟ್ಟಿಲಲ್ಲಿ ನಿಂತೇ ಮಾತಾಡಿ ಮೇಲೆ ಬಂದುಬಿಡುತ್ತಿದ್ದಳು.

ನಾಲ್ಕು ವರ್ಷ ಇದ್ದೆವು. ಅಪ್ಪ ಮೆಟ್ಟಿಲ ಕೆಳಗಿನ ಜಾಗದಲ್ಲಿ ಒಂದು ಬೆಂಚು ಹಾಕಿ ಪಂಪು, ಫ್ಯಾನು, ಬಟ್ಟೆ ಒಗೆಯುವ ಮಷೀನು ರಿಪೇರಿ ಮಾಡತೊಡಗಿದ. ಗುಡ್ಡದ ಜನ ಅವನನ್ನು ಮಿಸ್ಟರ್ ಮೋಟಾರ್ ಎಂದು ಕರೆದರು. ಭಾನುವಾರ ಈನಜ್ಜಿ ತೆಂಗಿನ ಹಾಲಿನಲ್ಲಿ ಆ ರೊಟ್ಟಿಕಾಯಿ, ಕೆಸುವಿನ ಸೊಪ್ಪು, ಅರಿಶಿನ ಹಾಕಿ ದೊಡ್ಡ ಪಾತ್ರೆಯಲ್ಲಿ ಬೇಯಿಸುವರು, ಮಾಂಸ ತಿನ್ನದ ನಮಗಾಗಿ ಮೊದಲೇ ಬೇರೆ ಪಾತ್ರೆ. ತಳಕ್ಕೆ ಎಣ್ಣೆ ಇಳಿಯುವವರೆಗೆ ಕದಡಬಾರದು. ಎಲ್ಲರೂ ಅಂಗಳದಲ್ಲಿ ಕೂತು ಕಾಯುತ್ತಿದ್ದೆವು. ಕಾಯುವುದೇ ಹಬ್ಬವಾಗಿತ್ತು. ನಂದಿನಿ ಆ ದ್ವೀಪದ ಮಾತಿನಲ್ಲೇ ಜಗಳವಾಡಿದಳು, ಆ ಮಾತಿನಲ್ಲೇ ಕನವರಿಸಿದಳು. ಊರಿಂದ ಅವ್ವನ ಫೋನು ಬಂದರೆ ಕೆಳಗೆ ಓಡಿ ಈನಜ್ಜಿಯ ಮಂಚದ ಹಿಂದೆ ಅಡಗುತ್ತಿದ್ದಳು.

ಅಮ್ಮನನ್ನು ಕೊರೆದದ್ದು ಅದೇ. ಕೆಲಸದ ಅವಧಿ ಮುಗಿಯುತ್ತಿತ್ತು. ಮುಂದುವರಿಸಲು ಬರೆದುಕೊಡಬಹುದಿತ್ತು. ಬರೆಯಲ್ಲ ಎಂದಳು. ಅಪ್ಪ ಎಂದೂ ಕೂಗಾಡದವನು ಅಂದು ಕೂಗಿದ.

"ಬರಲ್ಲ ಅಂತ ಕುಂತಿದ್ದೋನ್ನ ಎಳ್ಕಂಬಂದೆ. ಈಗ ಬೇರು ಬುಟ್ಟಿವ್ನಿ, ಈಗ ಕಿತ್ಕಂಡ್ ನಡಿ ಅಂತೀಯಲ್ಲ!"

"ಬೇರು ನಿಮ್ಗಲ್ಲ, ಅವ್ಳಿಗೆ ಬಿಟ್ಟಿರೋದು. ನನ್ ಮಗ್ಳು ನಂಗೇ ಅರ್ಥ ಆಗ್ತಿಲ್ಲ ಕಣ್ರೀ."

ಮರುದಿನ ಅಮ್ಮ ಕೆಳಗೆ ಹೋದಳು. ನಾನು ಕಾಯಿ ಬಿಡಿಸುತ್ತ ಅಲ್ಲೇ ಇದ್ದೆ. ಹೋಗುತ್ತೇವೆ ಎಂದಳು. ಅವರು ಬೇಡ ಎನ್ನುತ್ತಾರೆ, ತಾನು ಹೀಗೆ ಹೀಗೆ ಉತ್ತರಿಸಬೇಕು ಎಂದು ಅಣಿಯಾಗಿ ಬಂದವಳಂತೆ ಗಟ್ಟಿಯಾಗಿ ನಿಂತಿದ್ದಳು. ಈನಜ್ಜಿ ಕೈಯಲ್ಲಿದ್ದ ಕಾಯಿಯ ಜಾಪತ್ರೆಯನ್ನು ಪೂರ್ತಿ ಬಿಡಿಸಿ ಮಡಿಲಲ್ಲಿಟ್ಟುಕೊಂಡರು.

"ಬಿಟ್ಟು ಹೋಗಲು ಅಳುವ ವಯಸ್ಸಿನಲ್ಲೇ ಕರೆದುಕೊಂಡು ಹೋಗು," ಎಂದರು. "ಇನ್ನೆರಡು ವರ್ಷ ಕಳೆದರೆ ಅವಳು ಅಳುವುದಿಲ್ಲ. ಬರುವುದಿಲ್ಲ ಅನ್ನುತ್ತಾಳೆ. ಅದನ್ನು ನೀನು ತಡೆಯಲಾರೆ. ಹೋಗು, ನೀನು ತಾಯಿ."

ಅಮ್ಮ ಕೆಳಗಿನ ಮೆಟ್ಟಿಲಲ್ಲಿ, ಅವರ ಪಕ್ಕದಲ್ಲಿ ಕೂತಳು. ನಾಲ್ಕು ವರ್ಷದಲ್ಲಿ ಮೊದಲ ಸಲ. ಒಂದು ಕಾಯಿ ಎತ್ತಿಕೊಂಡು ಬಿಡಿಸತೊಡಗಿದಳು. ರೂಢಿಯಿಲ್ಲದ ಕೈ, ಜಾಪತ್ರೆ ಚೂರುಚೂರಾಗಿ ಹರಿಯಿತು. ಈನಜ್ಜಿ ಆ ಚೂರುಗಳನ್ನೂ ಆಯ್ದು ಬುಟ್ಟಿಗೆ ಹಾಕಿದರು.

ಹೊರಟ ದಿನ ನಂದಿನಿಯ ಬೆರಳುಗಳನ್ನು ಮೆಟ್ಟಿಲ ಕಟಕಟೆಯಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಈನಜ್ಜಿ ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ಕಾರು ತಿರುವಿನಲ್ಲಿ ಹೊರಳುವಾಗ ನೋಡಿದೆ, ನಮಗೆ ಬೆನ್ನು ಹಾಕಿ ಮರಗಳ ಕೆಳಗೆ ಬಗ್ಗಿ ಏನೋ ಆಯುತ್ತಿದ್ದರು. ಆ ಬೆಳಗಿನ ಕಾಯಿಗಳನ್ನೆಲ್ಲ ನಾವು ಆಗಲೇ ಆಯ್ದು ಮುಗಿಸಿದ್ದೆವು.

ಬಂದು ನೋಡಿದರೆ ಊರೂ ಮೊದಲಿನಂತಿರಲಿಲ್ಲ. ಕ್ಯಾತಗಾನಚೆರ್ಲಿನ ನಮ್ಮ ಹೊಲದ ಮೇಲೆ ಸೋಲಾರ್ ಹಲಗೆಗಳು ಸಾಲುಗಟ್ಟಿ ನಿಂತಿದ್ದವು. ಬಸ್ಸಿನ ಕಿಟಕಿಯಿಂದ ಅದನ್ನು ಕಂಡು ನಂದಿನಿ "ಸಮುದ್ರ!" ಎಂದು ಎದ್ದು ನಿಂತಳು. ಅಪ್ಪ ಹಳೆಯ ಅಂಗಡಿಯ ಬಾಗಿಲು ತೆಗೆದ. ಈನಜ್ಜಿಯ ಜೊತೆ ಮೊದಮೊದಲು ಭಾನುವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಮ್ಮೆ. ಅಪ್ಪ ಕನ್ನಡದಲ್ಲೇ ಮಾತಾಡುತ್ತಿದ್ದ, ಅವರು ತಮ್ಮದರಲ್ಲಿ. ಆಮೇಲೆ ಒಂದು ಬಿರುಗಾಳಿಯಲ್ಲಿ ಮಹಡಿಯ ಮಾಡು ಹಾರಿಹೋಯಿತು. ತಂಗಿಯ ಮಗಳು ಎಷ್ಟು ಕರೆದರೂ ಅವರು ಮನೆ ಬಿಡಲಿಲ್ಲವಂತೆ, ಕೆಳಗಿನ ಕೋಣೆಯಲ್ಲೇ ಇದ್ದರಂತೆ. ಹೋದ ವರ್ಷ ಅವಳೇ ಫೋನು ಮಾಡಿದಳು. ಮಲಗಿದಲ್ಲೇ ಹೋದರು. ಮನೆ ಬೀಳಿಸಿದ್ದಾರೆ, ಮರಗಳೂ ಉಳಿದಿಲ್ಲ. ಒಂದು ಚಿತ್ರ ಕಳಿಸಿದ್ದಳು. ಹುಲ್ಲಿನ ನಡುವೆ ನಾಲ್ಕು ಸಿಮೆಂಟು ಕಂಬಗಳು. ಈಗ ಪಿಯುಸಿಗೆ ಸೇರಿರುವ ನಂದಿನಿ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. "ನಾನು ನಿಜವಾಗ್ಲೂ ಮಾತಾಡ್ತಿರ್ಲಿಲ್ವೇನೇ ಅಕ್ಕ?" ಎಂದಳು. ಅವಳಿಗೆ ಆ ಏಳು ವಾರ ನೆನಪೇ ಇಲ್ಲ.

ಆ ವರ್ಷದ ಪಿತೃಪಕ್ಷಕ್ಕೆ ಎಲ್ಲರೂ ಅವ್ವನ ಮನೆಗೆ ಹೋಗಿದ್ದೆವು. ಒಳಕೋಣೆಯಲ್ಲಿ ಸಾಲಾಗಿ ಎಡೆ ಇಟ್ಟಾಯಿತು. ತಾತನಿಗೆ ಪಂಚೆ, ದೊಡ್ಡತ್ತೆಗೆ ಸೀರೆ. ಕೊನೆಗೆ ಅಮ್ಮ ಇನ್ನೊಂದು ಬಾಳೆಲೆ ಹಾಸಿದಳು. ಅದರ ಮುಂದೆ, ಅಂಗಡಿಯಲ್ಲಿ ಬಹಳ ಹೊತ್ತು ಹುಡುಕಿ ತಂದಿದ್ದ ದೊಡ್ಡ ಹೂವುಗಳ ಫ್ರಾಕಿನ ಬಟ್ಟೆಯನ್ನು ಮಡಿಸಿಟ್ಟಳು. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಇದ್ಯಾರಿಗಮ್ಮ?"

"ನಂದಿನಿ ಅಜ್ಜಿಗೆ."

ಅವ್ವನಿಗೆ ಗೊತ್ತಾಯಿತು. ಬೇಡವೆನ್ನಲಿಲ್ಲ. ತಾನೇ ಒಂದು ಹೋಳಿಗೆ ತೆಗೆದು ಆ ಎಲೆಗೆ ಹಾಕಿ, ಆಮೇಲೆ ಅನುಮಾನದಿಂದ ಕೇಳಿದಳು. "ಅಲ್ಲಮ್ಮಿ, ಅಷ್ಟ್ ದೂರದಿಂದ ಬತ್ತಾಳಾ ಆವಮ್ಮ?"

"ನಾವ್ ಹೋಗಿರ್ಲಿಲ್ವಾ ಅತ್ತೆ?" ಎಂದಳು ಅಮ್ಮ.

ಹಿರಿಯರು ಬಂದು ಉಣ್ಣುವ ಹೊತ್ತಿನಲ್ಲಿ ಮನೆಯವರು ಒಳಗಿರಬಾರದು. ದೀಪ ಸರಿಮಾಡಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂತೆವು. ಅಪ್ಪ ಒಂದು ಮೂಲೆಯಲ್ಲಿ ತಲೆ ತಗ್ಗಿಸಿಕೊಂಡಿದ್ದ. ನಂದಿನಿ ಅಮ್ಮನಿಗೆ ಒರಗಿದ್ದಳು. ಸಾಮಾನ್ಯವಾಗಿ ಹತ್ತು ನಿಮಿಷಕ್ಕೆಲ್ಲ ಯಾರಾದರೂ ಹಸಿವೆಂದು ಎದ್ದು ಚಿಲಕಕ್ಕೆ ಕೈ ಹಾಕುತ್ತಾರೆ. ಅಂದು ಬಾಗಿಲು ತೆಗೆಯೋಣ ಎಂದು ಬಹಳ ಹೊತ್ತು ಯಾರೂ ಹೇಳಲಿಲ್ಲ.